ಕೊನೇ ಕಂತನ್ನು ಚಿಲ್ಲರೆ ಮಾಡಿದ ಕಥೆ

ಹೊಸ ಮನೆಯ ಫಿನಿಶಿಂಗ್ ಮುಗಿಯಿತು. ಟೈಲ್ಸ್ ಮೇಸ್ತ್ರಿ, ಬಡಗಿ, ಪೇಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಐವರ ಲೆಕ್ಕವೂ ಹೆಚ್ಚುಕಮ್ಮಿ ಚುಕ್ತಾ. ಐವರೂ ಈಗಲೂ ನನ್ನ ಫೋನ್ ಎತ್ತುತ್ತಾರೆ. ಮನೆ ಕಟ್ಟಿಸಿದವರಿಗೆ ಈ ಕೊನೇ ಮಾತಿನ ಬೆಲೆ ಗೊತ್ತು.

ಕೊನೇ ಕಂತನ್ನು ಒಟ್ಟಿಗೆ ಹಿಡಿದಿಡದೆ, ಬಾಕಿ ಕೆಲಸಗಳನ್ನು ಚೀಟಿ ಚೀಟಿಯಾಗಿ ಬರೆದು, ಮುಗಿದ ಚೀಟಿಗೆ ಅವತ್ತೇ ಹಣ ಕೊಡೋದು ನನ್ನ ಉಪಾಯ. ಶುರು ಮಾಡಿದಾಗ ಯಾರೂ ನಂಬಿರಲಿಲ್ಲ. "ನೀನು ಹಿಂಗೆ ಚೀಟಿ ಹಿಡ್ಕೊಂಡು ಓಡಾಡಿದ್ರೆ ಎರಡನೇ ದಿನ ಒಬ್ಬನೂ ಬರಲ್ಲ ನೋಡು" ಅಂದ ನಮ್ಮಣ್ಣ. ಗೆಳೆಯನೊಬ್ಬ ಇಂಜಿನಿಯರ್. ಹತ್ತು ಪರ್ಸೆಂಟ್ ಹಿಡಿದಿಟ್ಟುಕೊಂಡರೆ ಸಾಕು, ತಾವಾಗೇ ಬಂದು ಮುಗಿಸುತ್ತಾರೆ ಅನ್ನೋದು ಅವನ ಮಾತು. ಅದನ್ನೆಲ್ಲ ಮೊದಲ ಮನೆಯಲ್ಲಿ ಮಾಡಿ ನೋಡಿ ಪೆಟ್ಟು ತಿಂದಿದ್ದೆ.

ಆಗಿನ ಪೇಂಟರ್ ಎರಡು ಕೋಟ್ ಹೊಡೆದ. ಅಲ್ಲಲ್ಲಿ ತಿದ್ದುವ ಟಚಪ್ ಮಾತ್ರ ಬಾಕಿ. ಊರಿಗೆ ಹೋಗಬೇಕು ಅಂತ ನಿಂತ. ಐದು ಪರ್ಸೆಂಟ್ ಇಟ್ಟುಕೊಂಡು ಉಳಿದದ್ದೆಲ್ಲ ಕೊಟ್ಟೆ. ಮತ್ತೆ ಅವನ ಮುಖ ನೋಡಲಿಲ್ಲ. ಆ ಐದು ಪರ್ಸೆಂಟ್ ಅವನಿಗೂ ಅವನ ಹುಡುಗನಿಗೂ ಸೇರಿ ಒಂದೂವರೆ ದಿನದ ಕೂಲಿ ಇರಬಹುದು. ಬೇರೆಯವನನ್ನು ಕರೆದರೆ ಅದರ ಮೂರು ಪಟ್ಟು ಕೇಳಿದ. ತಪ್ಪೂ ಅಲ್ಲ. ಹಳೇ ಗೋಡೆ ಮೇಲೆ ಅಂಗೈ ಅಗಲ ಬಣ್ಣ ಹಚ್ಚಿದರೆ ತೇಪೆ ಎದ್ದು ಕಾಣುತ್ತೆ. ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೆಯಬೇಕು.

ಆ ಸಿಟ್ಟಿನಲ್ಲಿ ಬಡಗಿಯ ಹತ್ತಿರ ಉಲ್ಟಾ ಮಾಡಿದೆ. ಕಾಲು ಭಾಗ ಹಣ ಹಿಡಿದಿಟ್ಟೆ. ಅವರೇನೂ ಜಗಳ ಆಡಲಿಲ್ಲ. ವಾರ್ಡ್‌ರೋಬಿನ ಹಿಡಿಕೆ, ಬೀಗ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋದರು, ಅಷ್ಟೇ. ಸುಮಾರು ನಲವತ್ತು ದಿನ ಆ ವಾರ್ಡ್‌ರೋಬಿನ ಬಾಗಿಲುಗಳಿಗೆ ಹಿಡಿಕೆ ಬದಲು ಸುತಲಿ ದಾರದ ಕುಣಿಕೆ. ಹಿಡಿಕೆ ತೂತಿನಲ್ಲಿ ದಾರ ತೂರಿಸಿ ಹಿಂದೆ ಗಂಟು ಹಾಕಿದ್ದೆ. ಜೋರಾಗಿ ಎಳೆದರೆ ಗಂಟು ಜಾರಿ ದಾರ ಕೈಗೆ ಬರುತ್ತಿತ್ತು. ನನ್ನ ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ. ಆಮೇಲೆ ಗೊತ್ತಾಯಿತು, ಆ ಬಡಗಿ ಹುಡುಗರಿಗೆ ಕೈಯಿಂದ ಕೂಲಿ ಕೊಟ್ಟು ಸಾಲ ಮಾಡಿಕೊಂಡಿದ್ದರು.

ದಂಡದ ಕರಾರೂ ಬರೆಸಿದ್ದೆ. ತಡವಾದರೆ ದಿನಕ್ಕಿಷ್ಟು ಅಂತ. ಅದರಿಂದ ಒಂದು ಪೈಸೆ ಬರಲಿಲ್ಲ.

ಈ ಸಲ ಕೂತು ಯೋಚಿಸಿದಾಗ ಹೊಳೆದದ್ದು ಒಂದೇ. ಕೆಲಸದವನು ವಾಪಸ್ ಬರುವುದು ಬಾಕಿ ಎಷ್ಟಿದೆ ಅಂತ ನೋಡಿ ಅಲ್ಲ. ಅವತ್ತು ಬೇರೆ ಕಡೆ ಹೋದರೆ ಸಿಗುವ ಕೂಲಿಗಿಂತ ನಮ್ಮಲ್ಲಿ, ಅವತ್ತೇ, ಜಾಸ್ತಿ ಸಿಗುತ್ತಾ ಅಂತ. ಎಷ್ಟೇ ದೊಡ್ಡ ಬಾಕಿ ಇದ್ದರೂ 'ಎಲ್ಲಾ ಮುಗಿದ ಮೇಲೆ' ಅಂದರೆ ಅದು ಅವನ ಪಾಲಿಗೆ ಇಲ್ಲದ ದುಡ್ಡು.

ಹಾಗಾಗಿ ಮಾಲು ನಾನೇ ಅಂಗಡಿಗೆ ನೇರವಾಗಿ ದುಡ್ಡು ಕೊಟ್ಟು ತಂದೆ. ಕೂಲಿಯಲ್ಲಿ ನೂರಕ್ಕೆ ಎಂಬತ್ತೆರಡು ಪಾಲು ಕೆಲಸ ನಡೆದ ಹಾಗೆ ಕೊಟ್ಟೆ. ಉಳಿದ ಹದಿನೆಂಟು ಪಾಲು ಚೀಟಿಗಳಲ್ಲಿ. ಒಂದು ಚೀಟಿ ಅಂದರೆ ಒಂದು ಕೋಣೆ, ಒಬ್ಬ ಕೆಲಸಗಾರ, ಏನೇನು ಬಾಕಿ, ಹೇಗೆ ನೋಡಿ ಪಾಸ್ ಮಾಡುತ್ತೇನೆ, ಎಷ್ಟು ಹಣ. ಪಾಸಾದ ಅರ್ಧ ಗಂಟೆಯಲ್ಲಿ ಹಣ ಕೈಗೆ. ಚೀಟಿ ಜೊತೆ ಕವರಿನಲ್ಲಿ ಮೊದಲೇ ಎಣಿಸಿಟ್ಟಿರುತ್ತಿದ್ದೆ. ಕವರ್ ಅವರ ಕಣ್ಣಿಗೆ ಬೀಳುವ ಹಾಗೆ ಕಿಟಕಿ ಮೇಲೆ.

ಮೊದಲ ವಾರ ಪೂರ್ತಿ ಕೆಟ್ಟಿತು. ಎಪ್ಪತ್ತರ ಹತ್ತಿರ ಹತ್ತಿರ ಚಿಲ್ಲರೆ ಕೆಲಸ ಇತ್ತು, ಎಪ್ಪತ್ತು ಚೀಟಿ ಬರೆದಿದ್ದೆ. ಪ್ಲಂಬರ್ ಒಂದು ಬೆಳಿಗ್ಗೆ ಬಂದು ನಲ್ಲಿ ಬಿಗಿ ಮಾಡಿ, ಟೇಪ್ ಸುತ್ತಿ, ಎಂಟು ಚೀಟಿ ಹಣ ಎಣಿಸಿಕೊಂಡು ಮಧ್ಯಾಹ್ನಕ್ಕೆ ಹೊರಟರು. ಗೋಡೆಯೊಳಗೆ ಸೋರುತ್ತಿದ್ದ ಬಿಸಿನೀರಿನ ಜಾಯಿಂಟ್ ಮಾತ್ರ ಹಾಗೇ ಇತ್ತು! ಸುಲಭದ್ದೆಲ್ಲ ಆಯ್ದುಕೊಂಡು ಹೋಗಲು ನಾನೇ ದಾರಿ ಮಾಡಿಕೊಟ್ಟಿದ್ದೆ. ಅಣ್ಣ ಅವತ್ತು ಏನೂ ಹೇಳಲಿಲ್ಲ. ಸುಮ್ನೆ ನಕ್ಕ.

ಎಲ್ಲ ಹರಿದು ಮತ್ತೆ ಬರೆದೆ. ಪ್ರತಿ ಚೀಟಿಯಲ್ಲೂ ಒಂದು ಕಷ್ಟದ ಕೆಲಸ, ಅದರ ಹಿಂದೆ ಮೂರೋ ನಾಲ್ಕೋ ಸುಲಭದ್ದು. ಒಟ್ಟು ಹಣ ಆಳು ಸಮೇತ ಕಡಿಮೆ ಅಂದರೆ ಒಂದೂಕಾಲು ದಿನದ ಕೂಲಿ. ಎಪ್ಪತ್ತು ಹೋಗಿ ಇಪ್ಪತ್ತೆರಡೋ ಇಪ್ಪತ್ಮೂರೋ ಆಯಿತು. ಅಲ್ಲಿಂದ ಗಾಡಿ ಓಡಿತು. ಯಾವ ಚೀಟಿ ಯಾರಿಗೆ ಮೊದಲು ಕೊಡಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಬರೆಯಲ್ಲ. ನನ್ನ ಮೇಸ್ತ್ರಿಗೂ ಓದಲು ಬರುತ್ತೆ.

ಬಾತ್‌ರೂಮಿನ ಚೀಟಿ ಕಥೆ ಹೇಳಲೇಬೇಕು. ಟೈಲ್ಸ್‌ಗೆ ಮುಂಚೆ ನೀರು ಕಟ್ಟಿ ಸೋರುತ್ತಾ ಅಂತ ಒಂದು ದಿನ ನೋಡೋದು ರೂಢಿ, ಅದು ಪಾಸಾಗಿತ್ತು. ಟೈಲ್ಸ್ ಹಾಕಿದ ಮೇಲಿನ ಇಳಿಜಾರು ನನ್ನ ಚೀಟಿಯಲ್ಲಿತ್ತು: ಒಂದು ಬಕೆಟ್ ಸುರಿದು ಹತ್ತು ನಿಮಿಷ ಬಿಟ್ಟರೆ ಎಲ್ಲೂ ನೀರು ನಿಲ್ಲಬಾರದು. ಬಾಗಿಲ ಹಿಂದೆ ತಟ್ಟೆಯಗಲ ನಿಂತಿತು. "ಸಾರ್, ಅದು ತಾನೇ ಒಣಗುತ್ತೆ" ಅಂದರು ಮೇಸ್ತ್ರಿ. ನಾನು ಮಾತಾಡದೆ ಜೇಬಿನಿಂದ ಒಂದು ನಾಣ್ಯ ತೆಗೆದು ಅದರಲ್ಲಿಟ್ಟೆ. ಪೂರ್ತಿ ಮುಳುಗಿತು. ಅವರು ಕುಕ್ಕರಗಾಲಲ್ಲಿ ಕೂತು ನಾಣ್ಯ ನೋಡಿದರು. ಕಿಟಕಿ ಮೇಲಿನ ಕವರ್ ನೋಡಿದರು. ಆಮೇಲೆ "ನಾಲ್ಕು ಪೀಸ್ ತೆಗೀತೀನಿ ಬಿಡಿ" ಅಂದರು. ಅದೇ ಬಾಕ್ಸಿನ ಟೈಲ್ಸ್ ಎತ್ತಿಟ್ಟಿದ್ದರಿಂದ ಬಣ್ಣ ಬೇರೆಯಾಗಲಿಲ್ಲ.

ಹಾಲ್‌ನ ಟೈಲ್ಸ್ ತಟ್ಟಿ ನೋಡಿದಾಗ ಏಳು ಕಡೆ ಟೊಳ್ಳು ಸದ್ದು. ಮೂಲೆ ಟೊಳ್ಳಾದ ನಾಲ್ಕನ್ನು ತೆಗೆಸಿದೆ, ಭಾರ ಬಿದ್ದರೆ ಒಡೆಯೋದು ಅವೇ. ನಡುವೆ ಚೂರು ಟೊಳ್ಳಿದ್ದ ಮೂರನ್ನು ಬಿಟ್ಟೆ. ಎಲ್ಲದಕ್ಕೂ ಹಟ ಹಿಡಿದರೆ ಅವರು ಇನ್ನೊಂದು ಕಡೆ ಕೈ ಬಿಗಿ ಮಾಡುತ್ತಾರೆ.

ಒಂದು ಸಲ ನಾನೇ ನಿಯಮ ಮುರಿದೆ. ಎಲೆಕ್ಟ್ರಿಷಿಯನ್ ಚೀಟಿ ಪಾಸಾಗಿತ್ತು. ಎಲ್ಲ ಪಾಯಿಂಟ್ ಸರಿ, ಟೆಸ್ಟ್ ಬಟನ್ ಒತ್ತಿದರೆ ಬ್ರೇಕರ್ ಬಿದ್ದು ಕರೆಂಟ್ ನಿಲ್ಲುತ್ತಿತ್ತು. ಹಣ ಕೊಡುವಾಗ ಸುಮ್ನೆ ಒಂದು ಸ್ವಿಚ್ ಬೋರ್ಡ್ ಮೇಲೆ, ನೇರ ಇದೆಯಾ ಅಂತ ನೋಡೋ ರಸಮಟ್ಟ ಇಟ್ಟೆ. ಸೊಟ್ಟ. "ಚೀಟೀಲಿ ಇದಿಲ್ವಲ್ಲ ಸಾರ್" ಅಂದರು. ಮುಖ ಕೆಂಪಾಗಿತ್ತು. ಅವರು ಹೇಳಿದ್ದೇ ಸರಿ. ಹಣ ಕೊಟ್ಟು, ಸೊಟ್ಟ ಬೋರ್ಡುಗಳಿಗೆ ಬೇರೆ ಚೀಟಿ ಮಾಡಿದೆ. ಅದಕ್ಕೆ ಕೈಯಿಂದ ಹೋಯಿತು, ಹೋಗಲಿ.

ಒಬ್ಬರ ಮೇಲೊಬ್ಬರು ಹಾಕೋ ರೋಗ ಗೊತ್ತಲ್ವಾ? ಪೇಂಟರ್ ಕೇಳಿದರೆ ಗಾರೆಯವರ ತಪ್ಪು, ಗಾರೆಯವರನ್ನು ಕೇಳಿದರೆ ವೈರಿಂಗ್‌ನವರ ತಪ್ಪು. ಗೋಡೆ ನುಣ್ಣಗಾಗಲು ಬಳಿಯೋ ಪುಟ್ಟಿ ಹಚ್ಚೋ ಮುಂಚೆ ಪೇಂಟರನ್ನೇ ಗೋಡೆ ಪಾಸ್ ಮಾಡಿ ಅಂದೆ. ಅವರು ಒಪ್ಪಿದ ಮೇಲೆ ಆ ಗೋಡೆ ಅವರದು. ರಾತ್ರಿ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಬಿಟ್ಟರು. ನನ್ನ ಕಣ್ಣಿಗೆ ನುಣ್ಣಗಿದ್ದ ಗೋಡೆಯಲ್ಲಿ ಹನ್ನೊಂದು ಕಡೆ ಉಬ್ಬು ತಗ್ಗು ತೋರಿಸಿದರು. ನಾನು ತೋರಿಸಿದ್ದರೆ ಗಾರೆ ಮೇಸ್ತ್ರಿ ವಾದ ಮಾಡುತ್ತಿದ್ದರು. ಪೇಂಟರ್ ಮುಂದೆ ಬಾಯಿ ಬರಲಿಲ್ಲ.

ಮಧ್ಯೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಬೇಗ ಮುಗಿಸಿದರೆ ಇನಾಮು ಅಂದೆ. ಒಂದು ಕೋಣೆಯಲ್ಲಿ ಪುಟ್ಟಿ ಒಣಗುವ ಮೊದಲೇ ಬಣ್ಣದ ತಳಕ್ಕೆ ಹಚ್ಚೋ ಪ್ರೈಮರ್ ಬಿತ್ತು, ವಾರದಲ್ಲಿ ಹಪ್ಪಳದ ಹಾಗೆ ಎದ್ದಿತು. ಇನಾಮು ಅಲ್ಲಿಗೇ ನಿಂತಿತು. ಕೆಟ್ಟ ಜಾಗದ ಫೋಟೋ ತೆಗೆದು ಕೆಂಪು ವೃತ್ತ ಹಾಕಿ ಕಳಿಸಿದೆ. ಯಾವ ಕೋಣೆ, ಯಾವ ಮೂಲೆ ಯಾರಿಗೂ ಗೊತ್ತಾಗಲಿಲ್ಲ. ಗೋಡೆಗೇ ಕಾಗದದ ಟೇಪ್ ಅಂಟಿಸಿ ನಂಬರ್ ಬರೆದರೆ ತಕ್ಷಣ ಗೊತ್ತಾಗುತ್ತೆ. ಆದರೆ ಹೊಸ ಬಣ್ಣದ ಮೇಲೆ ಮೂರು ದಿನ ಬಿಟ್ಟರೆ ಟೇಪಿನ ಜೊತೆ ಬಣ್ಣವೂ ಬರುತ್ತೆ. ಮೊದಲು ಅಂಗಿಗೆ ಎರಡು ಸಲ ಅಂಟಿಸಿ ಕಿತ್ತರೆ ಅಂಟಿನ ಜೋರು ತಗ್ಗುತ್ತೆ. ಇದು ನನ್ನ ಸ್ವಂತದ್ದು.

ಸ್ಟೋರ್ ರೂಮಿನ ಟೈಲ್ಸ್ ಸಂದಿಗೆ ಗ್ರೌಟ್ ನಾನೇ ತುಂಬಿದೆ, ಇಷ್ಟೇ ತಾನೆ ಅಂದುಕೊಂಡು. ಮೇಸ್ತ್ರಿ ಅರ್ಧ ದಿನದಲ್ಲಿ ಮಾಡೋದು ನನಗೆ ಎರಡೂವರೆ ದಿನ ಹಿಡಿಯಿತು. ಒರೆಸುವುದು ತಡವಾಗಿ ಟೈಲ್ಸ್ ಮೇಲೆ ಬಿಳಿ ಪೊರೆ ಕೂತಿತು. ಅದು ಇನ್ನೂ ಇದೆ. ಆಮೇಲೆ ಚೀಟಿ ಬೆಲೆ ಬರೆಯುವಾಗ ನನ್ನ ಕೈ ಸ್ವಲ್ಪ ಸಡಿಲವಾಯಿತು.

ಮೂರು ವಾರ ಅಂದುಕೊಂಡದ್ದು ಐದು ವಾರ ಆಯಿತು. ಹದಿನೆಂಟು ಪಾಲಿನ ಮೇಲೆ ಇನ್ನೂ ಎರಡು ಪಾಲು ಖರ್ಚಾಗಿರಬೇಕು, ಒಂದೂಕಾಲು ದಿನದ ಲೆಕ್ಕ ಸರಿದೂಗಿಸಲು. ಮೊದಲ ಮನೆಯಲ್ಲಿ ಬೇರೆಯವರನ್ನು ಕರೆಸಿ ಮಾಡಿಸಿದ್ದಕ್ಕೇ ಏಳೆಂಟು ಪಾಲು ಹೋಗಿತ್ತು.

ಹೇಳೋದು ಮರೆತೆ. ಈ ಮನೆಯ ಬಡಗಿ, ಹಿಡಿಕೆ ಚೀಲಕ್ಕೆ ಹಾಕಿಕೊಂಡು ಹೋದವರೇ. ಕೆಲಸ ಚೆನ್ನಾಗಿತ್ತು, ಕೆಟ್ಟಿದ್ದು ನನ್ನ ಲೆಕ್ಕ. ಕರೆದಾಗ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಈ ಸಲ ಹಿಡಿಕೆಗಳನ್ನೇ ಅವರು ಮೊದಲು ಹಾಕಿದರು.

ಈಗ ಉಳಿದಿರೋದು ಅವರದೇ ಒಂದು ಚೀಟಿ. ಅಡುಗೆಮನೆ ಅಟ್ಟದ ಬಾಗಿಲು ಚೌಕಟ್ಟಿಗೆ ಉಜ್ಜುತ್ತೆ. ಹೋದ ವಾರ ಬಂದು ನೋಡಿದರು. ನಾನು ಕವರ್ ತೆಗೆದು ಹಿಡಿದೆ. "ಬೇಡ ಸಾರ್, ಮರ ತೇವಕ್ಕೆ ಉಬ್ಬಿದೆ. ಈಗ ಹೆರೆದರೆ ಒಣಗಿದ ಮೇಲೆ ಸಂದು ಬಿಡುತ್ತೆ. ಇರಲಿ, ಆಮೇಲೆ ಬರ್ತೀನಿ" ಅಂದರು. ಚೀಟಿಯನ್ನು ಆ ಬಾಗಿಲ ಒಳಮೈಗೆ ಅವರೇ ಅಂಟಿಸಿ ಹೋದರು. ಅಂಗಿಗೆ ಒಂದು ಸಲ ಅಂಟಿಸಿ ಕಿತ್ತ ಟೇಪಿನಲ್ಲಿ.