ಆಯಿಗೆ ನಿದ್ದೆ ಬಂದ ಕಡೆ ಗೀಟು ಹಾಕಿದೆ

ಸ್ಪರ್ಧೆಗೆ ಬರೆದದ್ದು ಸಂಸ್ಕೃತಿ ಬಗ್ಗೆ ಪ್ರಬಂಧ, ಅದರಲ್ಲಿ ಆ ಪದವೇ ಇಲ್ಲ. ಬಾಗಲಕೋಟೆಯ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ನಕ್ಕರು. ಆದರೂ ಎರಡನೇ ಬಹುಮಾನ ಬಂತು, 1500 ರೂಪಾಯಿ. ಅಷ್ಟರಲ್ಲಿ ಹತ್ತಿರ ಹತ್ತಿರ 700 ನಾನೇ ಕಳೆದಿದ್ದೆ.

ಮೊದಲ ಸಲ ಎಲ್ಲರ ಹಾಗೆ ಬರೆದೆ. ಇಂಗ್ಲಿಷಿನ ಕಲ್ಚರ್ ಪದದ ಬೇರು ಲ್ಯಾಟಿನ್‌ನಲ್ಲಿದೆ, ಉಳುಮೆಗೆ ಸಂಬಂಧಿಸಿದ್ದು, ಅಂತ ಶುರು. ಮುಂದೆ ಬಾದಾಮಿ ಗುಹೆ, ಐಹೊಳೆ, ಪಟ್ಟದಕಲ್ಲು ಎಲ್ಲ ತುರುಕಿದೆ. ಆರು ಪುಟ, ಡಿಟಿಪಿ ಅಂಗಡಿಯಲ್ಲಿ ಪುಟಕ್ಕೆ 25. ನಮ್ಮ ಸರ್ ಓದಿ, 'ಬಸ್ ಸ್ಟ್ಯಾಂಡಿನಾಗ ಹಂಚೂ ಕರಪತ್ರ ಆಗೇತಲ್ಲೋ' ಅಂದರು. ಎರಡನೇ ಸಲ ಎಲ್ಲ ಹಾಳಾಗಿಹೋಯ್ತು ಅಂತ ಗೋಳು ತೋಡಿಕೊಂಡೆ. ಅದನ್ನು ನನಗೇ ಪೂರ್ತಿ ಓದಲಾಗಲಿಲ್ಲ. ಮತ್ತೆ 150 ಹೋಯ್ತು.

ಸಿಟ್ಟಿನಲ್ಲಿ ಗುಳೇದಗುಡ್ಡಕ್ಕೆ ಮನೆಗೆ ಹೋದೆ. ನಮ್ಮೂರಿನ ಖಣ ಗೊತ್ತಲ್ವಾ, ಕುಪ್ಪಸದ ಬಟ್ಟೆ. ನಮ್ಮಜ್ಜ ಅದನ್ನೇ ನೇಯುತ್ತಿದ್ದ. ಆಯಿ, ಅಂದರೆ ನಮ್ಮಜ್ಜಿ, ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಾ ಕೂತಿದ್ದಳು. ಹಳೇ ಬಟ್ಟೆ ತುಂಡು ಜೋಡಿಸಿ ಮಾಡುವ ಹೊದಿಕೆ ಅದು. ಹಳೇ ಇಳಕಲ್ ಸೀರೆಯ ಒಡಲು, ಅಂಚಿಗೆ ಅಜ್ಜ ನೇಯ್ದ ಖಣದ ತುಂಡು. 'ಇದನ್ನ ಹಂಗ ತೆಗೆದಿಡಬಾರದಾ, ಅಜ್ಜನ ನೆನಪು' ಅಂದೆ. 'ಇಟ್ಟರ ಇಲಿ ತಿಂತಾವ. ಹೊದ್ದರ ನೀವು ಬೆಚ್ಚಗಿರ್ತೀರಿ' ಅಂದಳು. ನಾನು 12 ಪುಟ 'ಉಳಿಸಬೇಕು, ಉಳಿಸಬೇಕು' ಅಂತ ಬರೆದಿದ್ದೆ. ಅವಳು ಕತ್ತರಿ ಹಿಡಿದು ಕೂತಿದ್ದಳು.

ಕೌದಿಯ ನಡುವೆ ಒಂದು ಸಣ್ಣ ಚೀಲದಂಥ ತೇಪೆ ಬಿಟ್ಟಿದ್ದಳು. ಕೊನೆಗೆ ಅದರೊಳಗೆ ರೊಟ್ಟಿ ಚೂರು ಇಟ್ಟು ಹೊಲಿದಳು. ಯಾಕೆ ಅಂದರೆ, 'ಕೌದಿ ಹಸದಿರಬಾರದು ನೋಡ್ ತಮ್ಮಾ' ಅಂತ ಒಂದೇ ಮಾತು. ಪ್ರಬಂಧ ಶುರುವಾಗಿದ್ದು ಅಲ್ಲಿಂದ.

ಮೊಬೈಲ್‌ನಲ್ಲಿ ಅವಳ ಮಾತು ರೆಕಾರ್ಡ್ ಮಾಡಿದೆ. ಪಕ್ಕದ ಮನೆಯ ಮಗ್ಗದ ಖಟ್‌ ಖಟ್ ಬಿಟ್ಟು ಏನೂ ಕೇಳಲಿಲ್ಲ. ಬಾಯಲ್ಲಿ ಹೇಳಿ ಟೈಪ್ ಮಾಡಿಸಲು ನೋಡಿದೆ. ಖಣ ಅಂದಾಗಲೆಲ್ಲ ಹಣ ಅಂತ ಬಂತು. 'ಅಜ್ಜ ಹಣ ನೇಯುತ್ತಿದ್ದ'! ಇಡೀ ಪ್ರಬಂಧವನ್ನು ನಮ್ಮ ಆಡುಮಾತಿನಲ್ಲೂ ಒಮ್ಮೆ ಬರೆದೆ. ನನಗೇನೋ ಚೆಂದ ಕಂಡಿತು. ಮೈಸೂರು ಕಡೆಯ ರೂಮ್‌ಮೇಟ್ ಎರಡನೇ ಪುಟಕ್ಕೆ ಕೈಚೆಲ್ಲಿದ. ಆಯಿಯ ಮಾತಷ್ಟೇ ಹಾಗೆ ಇಟ್ಟೆ.

ಆಮೇಲೆ ಕೈಯಲ್ಲೇ ಬರೆದು ಊಟದ ನಂತರ ಆಯಿಗೆ ಓದಿ ಹೇಳುತ್ತಿದ್ದೆ. ಅವಳು ತೂಕಡಿಸಿದ ಕಡೆ ಪೆನ್ಸಿಲ್ ಗೀಟು. ಸಂಸ್ಕೃತಿ ಅನ್ನುವ ಪದ ಬಂದಾಗ ತೂಕಡಿಕೆ ಗ್ಯಾರಂಟಿ. ಒಂದೊಂದಾಗಿ ಎಲ್ಲ ಕಡೆಯೂ ತೆಗೆದೆ, ಸುಮಾರು 20 ಇರಬೇಕು. 'ಸುಳ್ಳ ಬರದಿ' ಅಂತ ಎದ್ದು ಕೂತ ಕಡೆ ಮತ್ತೆ ಬರೆದೆ. ಎರಡು ವಾರ ಹೀಗೇ ನಡೆಯಿತು. ಮಾತೇ ಆಡದ ಆಯಿಯನ್ನು ಅಜ್ಜನ ಬಗ್ಗೆ ಬಾಯಿ ಬಿಡಿಸಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ. ಮುಂದಿನ ವರ್ಷವೂ ಸ್ಪರ್ಧೆ ಇದೆ.

ಕೊನೆಗೆ ನಾಲ್ಕೇ ಪುಟ, ಡಿಟಿಪಿಗೆ 100. ಉಳಿದ ಖರ್ಚೆಲ್ಲ ಬಸ್ಸು, ಝೆರಾಕ್ಸ್, ಚಹಾ. ಸರ್ ಓದಿ, 'ವಿಷಯ ಎಲ್ಲಿ ಐತಿ?' ಅಂತ ಕೇಳಿದ್ದರು. ಬಹುಮಾನ ಬಂದ ಮೇಲೆ ಅವರೇ ಒಂದು ಪ್ರತಿ ಇಸ್ಕೊಂಡರು.

ಬಹುಮಾನದ ದುಡ್ಡಲ್ಲಿ ಆಯಿಗೆ ಒಂದು ಡಬ್ಬಿ ದಾರದ ಉಂಡೆ ಒಯ್ದೆ. ಒಂದು ಎಳೆ ಎಳೆದು ಹರಿದು ನೋಡಿದಳು.

'ಎಷ್ಟ ಕೊಟ್ಟಿ ಇದಕ್ಕ? ಇದು ತಡಿಯಂಗಿಲ್ಲ.'