ಎರಡು ಗಂಟೆಯಲ್ಲಿ ಆಟವನ್ನು ಅಳೆಯುವ ಬಗೆ

ಕೊಂಡ ವಿಡಿಯೋ ಗೇಮ್‌ಗಳ ಪಟ್ಟಿ ಆಡಿ ಮುಗಿಸಿದವುಗಳ ಪಟ್ಟಿಗಿಂತ ಉದ್ದವಾಗಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯವರೆಲ್ಲ ಮಲಗಿದ ಮೇಲೆ ಉಳಿಯುವ ಹೊತ್ತಿನಲ್ಲಷ್ಟೇ ಕಂಟ್ರೋಲರ್ ಹಿಡಿಯುವವನು ನಾನು. ‘ಮೊದಲ ಹತ್ತು ಗಂಟೆ ತಾಳಿಕೊಳ್ಳಿ, ಆಮೇಲೆ ರಂಗೇರುತ್ತದೆ’ ಎಂದು ಯಾರಾದರೂ ಶಿಫಾರಸು ಮಾಡಿದರೆ ಆ ಆಟ ನನಗಲ್ಲ ಎಂದು ಅಲ್ಲಿಗೇ ತೀರ್ಮಾನಿಸುತ್ತೇನೆ. ನಾನು ಕೊಡುವುದು ಎರಡು ಗಂಟೆ. ಈ ಲೆಕ್ಕಕ್ಕೆ ಕಾರಣವಿದೆ: ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಆಟವನ್ನು 14 ದಿನಗಳೊಳಗೆ, ಆಡಿದ ಹೊತ್ತು 2 ಗಂಟೆಗಿಂತ ಕಡಿಮೆಯಿದ್ದರೆ ಹಿಂದಿರುಗಿಸಿ ಹಣ ಪಡೆಯಬಹುದು. ಮೆನು ತೆರೆದಿಟ್ಟು ಚಹಾ ಕುಡಿಯಲು ಎದ್ದು ಹೋದರೆ ಆ ಹೊತ್ತೂ ಎಣಿಕೆಗೆ ಸೇರುತ್ತದೆ ಎಂಬುದು ನೆನಪಿರಲಿ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ. ಅಡಿಬರಹದ ಅಕ್ಷರ ದೊಡ್ಡದು ಮಾಡಿ, ಕ್ಯಾಮೆರಾ ನಡುಗುವುದನ್ನೂ ಚಲನೆಯ ಮಸುಕನ್ನೂ ನಿಲ್ಲಿಸಿ. ಆಟ ಚೆನ್ನಾಗಿಲ್ಲ ಎಂದು ಅನ್ನಿಸುವ ಎಷ್ಟೋ ಸಲ ನಿಜವಾಗಿ ನೋಯುತ್ತಿರುವುದು ಕಣ್ಣು.

ಇನ್ನು ಮೊದಲ ಪರೀಕ್ಷೆ. ಧ್ವನಿ ನಿಲ್ಲಿಸಿ, ಕಥೆಯ ದೃಶ್ಯಗಳನ್ನು ಹಾರಿಸಿ, ಸ್ವಲ್ಪ ಹೊತ್ತು ಬರೀ ಆಡಿ. ಕೈ ಏನು ಮಾಡುತ್ತಿದೆ? ಅದನ್ನೇ ಮತ್ತೆ ಮಾಡಬೇಕು ಎನ್ನಿಸುತ್ತಿದೆಯೇ? 1985ರ ಸೂಪರ್ ಮಾರಿಯೋ ಬ್ರದರ್ಸ್ ಈ ಪರೀಕ್ಷೆಯಲ್ಲಿ ಇಂದಿಗೂ ಸುಲಭವಾಗಿ ಗೆಲ್ಲುತ್ತದೆ. ಗುಂಡಿಯನ್ನು ಎಷ್ಟು ಹೊತ್ತು ಒತ್ತಿಹಿಡಿದರೆ ಅಷ್ಟು ಎತ್ತರಕ್ಕೆ ನೆಗೆತ; ಓಡಿ ಬಂದು ನೆಗೆದರೆ ಅದರ ಹದವೇ ಬೇರೆ. ಟೆಟ್ರಿಸ್‌ನಲ್ಲಿ ಇರುವುದು ನಾಲ್ಕು ನಾಲ್ಕು ಚೌಕಗಳ ಏಳೇ ಆಕಾರಗಳು. ಕಥೆಯಿಲ್ಲ, ನಾಯಕನಿಲ್ಲ, ಆದರೂ ಉದ್ದನೆಯ ಕಡ್ಡಿಗಾಗಿ ಒಂದು ಬದಿಯನ್ನು ಖಾಲಿ ಬಿಟ್ಟುಕೊಂಡು ಕಾಯುವಾಗಿನ ಆಸೆಬುರುಕತನವನ್ನು ಯಾವ ದೊಡ್ಡ ಆಟವೂ ನನ್ನಲ್ಲಿ ಹುಟ್ಟಿಸಿಲ್ಲ.

ಎಲ್ಲರೂ ಹೊಗಳುವ ಎರಡು ಆಟಗಳು ನನ್ನ ಕೈಗೆ ಒಗ್ಗಲಿಲ್ಲ. ದ ವಿಚರ್ 3ರಲ್ಲಿ ಬ್ಲಡಿ ಬ್ಯಾರನ್ ಎಂಬ ಪಾತ್ರದ ಕಥೆಯಷ್ಟು ಗಟ್ಟಿಯಾದ ಬರವಣಿಗೆ ಆಟಗಳಲ್ಲಿ ಅಪರೂಪ. ಕತ್ತಿ ಬೀಸುವ ಕೆಲಸ ಮಾತ್ರ ನನಗೆ ಸಪ್ಪೆ. ಕಾದಾಟದ ಕಷ್ಟವನ್ನು ತೀರಾ ತಗ್ಗಿಸಿ, ಅದನ್ನು ಕಾದಂಬರಿ ಎಂದುಕೊಂಡು ಮುಗಿಸಿದೆ. ಹಾಗೆ ಮಾಡುವುದರಲ್ಲಿ ನಾಚಿಕೆಯೇನೂ ಇಲ್ಲ. ರೆಡ್ ಡೆಡ್ ರಿಡೆಂಪ್ಶನ್ 2 ಇನ್ನೊಂದು. ಅದರ ಆಕಾಶ, ಕುದುರೆ, ಮಂಜು ಎಲ್ಲವೂ ಸೊಗಸು. ಆದರೆ ಪ್ರತಿ ಕಪಾಟಿನ ಮುಂದೆಯೂ ನಾಯಕ ನಿಧಾನವಾಗಿ ಬಾಗಿಲು ತೆಗೆದು, ನಿಧಾನವಾಗಿ ಡಬ್ಬಿ ಎತ್ತಿಕೊಳ್ಳುವುದನ್ನು ನೋಡುತ್ತಾ ಕೂರುವ ತಾಳ್ಮೆ ನಡುರಾತ್ರಿಯಲ್ಲಿ ನನಗಿಲ್ಲ. ರಜೆಯಲ್ಲಿರುವವರು ಆಡಲಿ.

ಡಿಸ್ಕೋ ಎಲಿಸಿಯಂಗೆ ಈ ಪರೀಕ್ಷೆ ಹಚ್ಚಬೇಡಿ. ಅಲ್ಲಿ ಕೈಗೆ ಕ್ಲಿಕ್ಕಿಸುವುದಷ್ಟೇ ಕೆಲಸ. ನಾಯಕನ 24 ಕೌಶಲಗಳು ಅವನ ತಲೆಯೊಳಗೆ ಕೂತು ಒಂದಕ್ಕೊಂದು ತಕರಾರು ಮಾಡುತ್ತವೆ, ನೀವು ಓದುತ್ತೀರಿ, ಆಯ್ದುಕೊಳ್ಳುತ್ತೀರಿ. ಓದುವ ಆಟಗಳಲ್ಲಿ ಕೇಳಬೇಕಾದದ್ದು ಒಂದೇ: ಮುಂದಿನ ಉತ್ತರವನ್ನು ಆರಿಸುವಾಗ ಬೆರಳು ಒಂದು ಕ್ಷಣ ತಡೆಯಿತೇ? ತಡೆದರೆ ಆಟ ಬದುಕಿದೆ.

ಎರಡನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದಿಲ್ಲ, ನನಗೆ ಅದೇ ಮುಖ್ಯ. ಮೊದಲ ಗಂಟೆಯಲ್ಲೇ ಬೇಕೆಂದು ಸೋಲಿ. ಹಳ್ಳಕ್ಕೆ ಬೀಳಿ, ದೊಡ್ಡ ರಾಕ್ಷಸನೆದುರು ಸುಮ್ಮನೆ ನಿಲ್ಲಿ. ಆಮೇಲೆ ಗಮನಿಸಿ: ಮತ್ತೆ ಆಟಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಹಿಂದಕ್ಕೆ ತಳ್ಳಿತು, ಏನನ್ನು ಕಿತ್ತುಕೊಂಡಿತು, ಸೋತದ್ದೇಕೆ ಎಂಬುದು ನಿಮಗೆ ತಿಳಿಯಿತೇ. ಗೆದ್ದವರನ್ನು ಎಲ್ಲ ಆಟಗಳೂ ಒಂದೇ ಥರ ಮುದ್ದಿಸುತ್ತವೆ. ಸೋತವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಮಾತ್ರ ತಯಾರಕರ ಸ್ವಭಾವ ಹೊರಬೀಳುತ್ತದೆ.

2018ರ ಸೆಲೆಸ್ಟ್ ಕಷ್ಟದ ಆಟವೆಂದು ಹೆಸರುವಾಸಿ. ಆದರೆ ಸತ್ತ ಮರುಕ್ಷಣವೇ ಅದೇ ಕೋಣೆಯಲ್ಲಿ ಎದ್ದು ನಿಂತಿರುತ್ತೀರಿ. ಅಂಚಿನಿಂದ ಕಾಲು ಜಾರಿದ ಮೇಲೂ ಕಣ್ಣೆವೆ ಮಿಟುಕಿಸುವಷ್ಟು ಹೊತ್ತು ನೆಗೆಯಲು ಬಿಡುತ್ತದೆ, ಅದೂ ಸದ್ದಿಲ್ಲದೆ, ಉಪಕಾರ ಮಾಡಿದೆನೆಂದು ಹೇಳಿಕೊಳ್ಳದೆ. ಅಷ್ಟಾದರೂ ಆಗದವರು ಸಹಾಯದ ವಿಧಾನಕ್ಕೆ ಹೋಗಿ ಆಟದ ವೇಗವನ್ನೇ ಇಳಿಸಿಕೊಳ್ಳಬಹುದು. 2020ರ ಹೇಡೀಸ್‌ನಲ್ಲಿ ಸತ್ತರೆ ಮನೆಗೆ ವಾಪಸು. ಅಲ್ಲಿರುವವರಿಗೆ ನಿಮ್ಮೊಡನೆ ಹೊಸದೇನನ್ನೋ ಹೇಳುವುದಿರುತ್ತದೆ. ಕಥೆ ಮುಂದೆ ಸಾಗುವುದೇ ಸೋಲಿನಿಂದ. ಅದರ ‘ಗಾಡ್ ಮೋಡ್’ ಆರಿಸಿಕೊಂಡರೆ ಪೆಟ್ಟಿನ ನೋವು 20 ಪ್ರತಿಶತ ಕಡಿಮೆಯಾಗಿ ಶುರುವಾಗುತ್ತದೆ, ಪ್ರತಿ ಸಾವಿಗೂ ಇನ್ನೆರಡು ಪ್ರತಿಶತ ರಕ್ಷಣೆ ಸೇರುತ್ತಾ 80ರವರೆಗೆ ಏರುತ್ತದೆ. ಸೋತವನಿಗೆ ಕೈಕೊಡದೆ ಕೈಹಿಡಿಯುವ ಇಂಥ ಲೆಕ್ಕಾಚಾರ ನನಗೆ ಬಹಳ ಇಷ್ಟ.

ಡಾರ್ಕ್ ಸೋಲ್ಸ್ ಅಭಿಮಾನಿಗಳು ಈಗ ಕೋಪಿಸಿಕೊಳ್ಳಬಹುದು. 2011ರ ಆ ಆಟ ಕ್ರೂರವೇ ಹೊರತು ಮೋಸದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಶತ್ರುಗಳು ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತಿರುತ್ತಾರೆ. ಗಳಿಸಿದ ಆತ್ಮಗಳು, ಅಂದರೆ ಆ ಆಟದ ಹಣ, ನೀವು ಸತ್ತ ಸ್ಥಳದಲ್ಲೇ ಬಿದ್ದಿರುತ್ತವೆ. ಅಲ್ಲಿ ತಲುಪುವ ಮೊದಲೇ ಮತ್ತೆ ಸತ್ತರೆ ಮಾತ್ರ ಹೋದಂತೆ. ಈ ನಿಯಮಕ್ಕೆ ನನ್ನ ತಕರಾರಿಲ್ಲ. ಸತ್ತ ಮೇಲೆ ಎದ್ದೇಳುವ ಬೆಂಕಿಯ ಗುಡ್ಡೆಯಿಂದ ಬಾಸ್‌ನ, ಅಂದರೆ ದೊಡ್ಡ ಶತ್ರುವಿನ, ಬಾಗಿಲವರೆಗೆ ಅದೇ ದಾರಿಯನ್ನು ಮತ್ತೆ ಮತ್ತೆ ತುಳಿಯುವುದು ಏನನ್ನೂ ಕಲಿಸುವುದಿಲ್ಲ ಎಂಬುದಷ್ಟೇ ನನ್ನ ವಾದ. ಆ ಆಟ ಮಾಡಿದ ಸಂಸ್ಥೆಯೇ 2022ರ ಎಲ್ಡನ್ ರಿಂಗ್‌ನಲ್ಲಿ ಹಲವು ಬಾಸ್‌ಗಳ ಹತ್ತಿರವೇ ಮತ್ತೆ ಎದ್ದೇಳುವ ಜಾಗಗಳನ್ನು ಇಟ್ಟಿತು. ಆಟ ಅದರಿಂದ ಸಡಿಲವಾಗಲಿಲ್ಲ.

ಇನ್ನೊಂದು ತುದಿಯಲ್ಲಿದೆ ಕ್ಯಾಂಡಿ ಕ್ರಶ್ ಸಾಗಾ. ಐದು ಜೀವ, ಕಳೆದುಕೊಂಡರೆ ಒಂದೊಂದಕ್ಕೂ ಅರ್ಧ ಗಂಟೆ ಕಾಯಬೇಕು, ಇಲ್ಲವೇ ಹಣ ತೆರಬೇಕು. ಅಂಗಡಿಯ ಲಾಭ ನನ್ನ ಸೋಲಿನಲ್ಲಿರುವಾಗ ಕಷ್ಟದ ಲೆವೆಲ್ ಬಂದರೆ ಅದನ್ನು ಸವಾಲೆಂದು ನಂಬಲಿ ಹೇಗೆ? ಇಂಥ ಆಟಕ್ಕೆ ಎರಡು ಗಂಟೆಯೂ ಬೇಡ.

ಮೂರನೆಯದು, ಎದ್ದು ಹೋಗಲು ಬಿಡುತ್ತದೆಯೇ ಎಂಬುದು. ನಡುವೆ ಆಟ ಮುಚ್ಚಿ ಮತ್ತೆ ತೆರೆದು ನೋಡಿ. ಸ್ಟಾರ್ಡ್ಯೂ ವ್ಯಾಲಿ ನಿಮ್ಮ ಕೆಲಸವನ್ನು ಉಳಿಸಿಕೊಳ್ಳುವುದು ದಿನ ಮುಗಿದಾಗ ಮಾತ್ರ, ಅಂದರೆ ಅಲ್ಲಿ ಮಲಗಿದ ಮೇಲೆ. ಆಟದ ಒಂದು ದಿನ ಸುಮಾರು 14 ನಿಮಿಷ. ಕಡಿಮೆಯೇ ಅನ್ನಿ, ಆದರೆ ‘ಇದೊಂದು ದಿನ’ ಎನ್ನುತ್ತಾ ಇಡೀ ವಸಂತ ಋತು ಕಳೆದಿರುತ್ತದೆ. ಆಟವನ್ನು ದೂರುತ್ತಿಲ್ಲ, ಗಡಿಯಾರ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ ಎನ್ನುತ್ತಿದ್ದೇನೆ.

ಮರುದಿನ, ಬಿಸಿ ಆರಿದ ಮೇಲೆ, ಆ ಆಟದ ಬಗ್ಗೆ ಒಂದೆರಡು ಸಾಲು ಬರೆದಿಡಿ. ‘ಚೆನ್ನಾಗಿದೆ’, ‘ಅದ್ಭುತ’ ಎಂಬ ಪದಗಳಿಗೆ ಪ್ರವೇಶವಿಲ್ಲ. ನೀವು ಏನು ಮಾಡಿದಿರಿ ಎಂಬುದು ಸಾಲಿನಲ್ಲಿರಬೇಕು. ರಿಟರ್ನ್ ಆಫ್ ದ ಓಬ್ರಾ ಡಿನ್ ಬಗ್ಗೆ ನನ್ನ ಟಿಪ್ಪಣಿ ಹೀಗಿದೆ: ‘ಹಡಗಿನ 60 ಜನರಲ್ಲಿ ಯಾರು ಹೇಗೆ ಸತ್ತರೆಂದು ಊಹಿಸಿ ಪುಸ್ತಕದಲ್ಲಿ ತುಂಬಿದೆ. ಮೂವರದ್ದು ಸರಿಯಾದಾಗಲಷ್ಟೇ ಆಟ ಒಪ್ಪುತ್ತದೆ. ಒಬ್ಬನನ್ನು ಅವನ ಕಾಲುಚೀಲದಿಂದ ಗುರುತಿಸಿದೆ.’ ಬ್ರೆತ್ ಆಫ್ ದ ವೈಲ್ಡ್‌ಗೆ: ‘ಕತ್ತಿಗಳು ಮುರಿಯುವುದು ಒಳ್ಳೆಯದೇ, ಸಿಕ್ಕಿದ್ದನ್ನು ಹಿಡಿದು ಹೊಡೆಯಲು ಕಲಿತೆ. ಮಳೆಯಲ್ಲಿ ಬಂಡೆ ಹತ್ತುವಾಗ ಜಾರುವುದು ಮಾತ್ರ ಶುದ್ಧ ಕಿರುಕುಳ.’ ಬರೆಯಲು ಏನೂ ಹೊಳೆಯದಿದ್ದರೆ ಆಟ ಹಿಂದಿರುಗಿಸಿ.

ಈ ಅಳತೆಗೋಲಿಗೆ ನಿಲುಕದ ಆಟವೊಂದಿದೆ, 2019ರ ಔಟರ್ ವೈಲ್ಡ್ಸ್. 22 ನಿಮಿಷಗಳಿಗೊಮ್ಮೆ ಕಾಲ ಮೊದಲಿಗೆ ಮರಳುತ್ತದೆ. ಹೊಸ ಆಯುಧವಿಲ್ಲ, ಶಕ್ತಿ ಹೆಚ್ಚುವುದಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಉಳಿಯುವುದು ತಿಳಿದುಕೊಂಡ ಸಂಗತಿ ಮಾತ್ರ. ಆರಂಭದಲ್ಲಿ ನಿಮ್ಮ ಬಾಹ್ಯಾಕಾಶ ನೌಕೆ ಕೈಯ ಹಿಡಿತಕ್ಕೆ ಬರುವುದಿಲ್ಲ, ಗ್ರಹಕ್ಕೆ ಇಳಿಯುವುದಕ್ಕಿಂತ ಅಪ್ಪಳಿಸುವುದೇ ಹೆಚ್ಚು. ಇಲ್ಲಿ ಎರಡು ಗಂಟೆ ಮುಗಿಯುವ ಮೊದಲು ನೌಕೆಯೊಳಗಿನ ದಾಖಲೆಯ ಪರದೆಯನ್ನು ತೆರೆಯಿರಿ. ನೀವು ಕಂಡ ಸ್ಥಳಗಳೂ ಅವುಗಳ ನಡುವಿನ ಎಳೆಗಳೂ ಅಲ್ಲಿ ಮೂಡಿರುತ್ತವೆ. ಅವುಗಳಲ್ಲಿ ಒಂದಾದರೂ ಎಳೆಯ ತುದಿಗೆ ಈಗಲೇ ಹಾರಬೇಕು ಎನ್ನಿಸಿದರೆ, ಹಣ ವಾಪಸು ಪಡೆಯುವ ಗಡುವನ್ನು ಮರೆತುಬಿಡಿ.