ಟ್ರೂಪಲ್ಲಿ ಶಿಸ್ತು ತರೋಕೆ ಹೋಗಿ ನಾನು ಕಲ್ತಿದ್ದು: ಒಬ್ಬ ಎನ್‌ಸಿಸಿ ಮೇಷ್ಟ್ರ ಅನುಭವ

ನಾನು ಮಾಗಡಿ ರೋಡ್ ಕಡೆ ಒಂದು ಹೈಸ್ಕೂಲಲ್ಲಿ ಮ್ಯಾಥ್ಸ್ ಮೇಷ್ಟ್ರು. ಸ್ಕೂಲಲ್ಲಿ ಎನ್‌ಸಿಸಿ ನೋಡ್ಕೊಳ್ತಿದ್ದ ಹಳೇ ಎಎನ್‌ಓ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್) ಸರ್ ರಿಟೈರ್ ಆದಾಗ ಹೆಡ್‌ಮಾಸ್ಟ್ರು ಕರೆದು, ನೀವು ಕಾಲೇಜಲ್ಲಿ ಸಿ ಸರ್ಟಿಫಿಕೇಟ್ ಮಾಡಿದೀರಲ್ಲ, ಇನ್ಮೇಲೆ ಎನ್‌ಸಿಸಿ ನೀವೇ ನೋಡ್ಕೊಳಿ ಅಂದ್ರು. ನಾಗಪುರದ ಹತ್ರ ಕಾಂಪ್ಟಿಗೆ ಎಎನ್‌ಓ ಟ್ರೈನಿಂಗ್‌ಗೆ ಹೋಗೋಕೆ ಇನ್ನೂ ಟೈಮಿತ್ತು, ಅಲ್ಲೀವರ್ಗೂ ಕೇರ್‌ಟೇಕರ್. ಎಂಟನೇ ಕ್ಲಾಸು ಒಂಬತ್ತನೇ ಕ್ಲಾಸು ಸೇರಿ 50 ಹುಡುಗ್ರ ಟ್ರೂಪು, ಶನಿವಾರ ಬೆಳಗ್ಗೆ ಏಳು ಗಂಟೆಗೆ ಫಾಲ್ ಇನ್, ಅಂದ್ರೆ ಗ್ರೌಂಡಲ್ಲಿ ಸಾಲಾಗಿ ನಿಲ್ಲೋದು.

ಮೊದಲ್ನೇ ಶನಿವಾರ ಏಳಕ್ಕೆ ಗ್ರೌಂಡಲ್ಲಿ ಇದ್ದೋರು 31 ಜನ. ಬೆರೆ (ಯೂನಿಫಾರ್ಮ್ ಟೋಪಿ) ಜೇಬಲ್ಲಿ, ಬೂಟಿಗೆ ಪಾಲಿಶ್ ಇಲ್ಲ, ನಾನು "ಸಾವಧಾನ್" ಅಂದ ತಕ್ಷಣ ಹಿಂದಿನ ಸಾಲಲ್ಲಿ ಕಿಸಕ್ ಅಂತ ನಗು. ಇನ್ನು ಕೆಲವ್ರು ಅಟೆಂಡೆನ್ಸ್ ಹಾಕಿಸ್ಕೊಂಡು ಟಾಯ್ಲೆಟ್ ಅಂತ ಹೋಗಿ ಖಾರಾಬಾತ್ ಬರೋ ಹೊತ್ತಿಗೆ ಸರಿಯಾಗಿ ವಾಪಸ್ ಬರೋರು.

ನಾನೇನ್ ಮಾಡ್ದೆ ಅಂದ್ರೆ, ನಮ್ ಕಾಲದಲ್ಲಿ ನಮಗೆ ಏನ್ ಮಾಡಿದ್ರೋ ಅದನ್ನೇ ಮಾಡ್ದೆ. ಕೂಗಾಡ್ದೆ. ಒಬ್ಬ ನಕ್ರೆ ಇಡೀ ಸ್ಕ್ವಾಡ್‌ಗೆ ಗ್ರೌಂಡ್ ಸುತ್ತು ಐದು ರೌಂಡು, ಒಬ್ಬ ಲೇಟಾಗಿ ಬಂದ್ರೆ ಎಲ್ಲಾರ್ಗೂ ಫ್ರಂಟ್ ರೋಲ್, ಅಂದ್ರೆ ನೆಲದ ಮೇಲೆ ಮುಂದಕ್ಕೆ ಪಲ್ಟಿ. ಎರಡು ವಾರ ಗ್ರೌಂಡ್ ನಿಶ್ಶಬ್ದ ಆಯ್ತು, ನಂಗೂ ಪರ್ವಾಗಿಲ್ಲ ಕೆಲ್ಸ ಮಾಡ್ತಿದೆ ಅನ್ನಿಸ್ತು. ಮೂರನೇ ವಾರ ಏಳು ಹುಡುಗ್ರು ಹೆಸರು ತೆಗಿಸ್ಕೊಂಡ್ರು. ಆ ಏಳರಲ್ಲಿ ಒಬ್ಬನೂ ತರ್ಲೆ ಹುಡುಗ ಅಲ್ಲ, ಎಲ್ಲಾ ಟೈಮಿಗೆ ಬರ್ತಿದ್ದೋರು, ಯಾರದೋ ತಪ್ಪಿಗೆ ದಿನಾ ಮಣ್ಣಲ್ಲಿ ಉರುಳಿ ಉರುಳಿ ಬೇಜಾರಾಗಿ ಹೋದ್ರು. ತರ್ಲೆಗಳು ಅಲ್ಲೇ ಇದ್ರು, ಅವ್ರಿಗೆ ಫ್ರಂಟ್ ರೋಲ್ ಅಂದ್ರೆ ಆಟ.

ಅದೇ ತಿಂಗಳು ಒಬ್ಬ ಎಂಟನೇ ಕ್ಲಾಸ್ ಹುಡುಗ ಮೂರನೇ ರೌಂಡಲ್ಲಿ ಹಾಗೇ ಕುಸಿದು ಕೂತ್ಬಿಟ್ಟ. ನೀರು ಚಿಮುಕಿಸಿ ನೆರಳಲ್ಲಿ ಮಲಗಿಸಿ ಕೇಳಿದ್ರೆ ಹಿಂದಿನ ರಾತ್ರಿ ಊಟ ಆದ್ಮೇಲೆ ಏನೂ ತಿಂದಿಲ್ಲ. ಅವತ್ತು ನಂಗೆ ಆದ ಭಯ ಇವತ್ತಿಗೂ ಹೋಗಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 2009ರ ಸೆಕ್ಷನ್ 17 ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ಕೂಡದು ಅನ್ನುತ್ತೆ, ಅದು ನಂಗೆ ಕ್ಲಾಸ್‌ರೂಮಲ್ಲಿ ಚೆನ್ನಾಗಿ ನೆನಪಿತ್ತು, ಯೂನಿಫಾರ್ಮ್ ಹಾಕ್ಕೊಂಡು ಗ್ರೌಂಡಿಗೆ ಇಳಿದಾಗ ಮಾತ್ರ ಮರ್ತುಹೋಗಿತ್ತು.

ಎನ್‌ಸಿಸಿ ಬೆಟಾಲಿಯನ್‌ನಿಂದ ಬರ್ತಿದ್ದ ಪಿಐ (ಪರ್ಮನೆಂಟ್ ಇನ್‌ಸ್ಟ್ರಕ್ಟರ್) ಹವಾಲ್ದಾರ್ ಬೆಳಗಾವಿ ಕಡೆಯವ್ರು. ಅವತ್ತು ಪರೇಡ್ ಮುಗಿದ್ಮೇಲೆ ನನ್ ಪಕ್ಕ ಕಟ್ಟೆ ಮೇಲೆ ಕೂತು ಹೇಳಿದ್ರು, "ಸರ್, ನಿಮ್ ಹುಡುಗ್ರು ಕೆಟ್ಟವ್ರಲ್ರಿ. ನಲವತ್ತು ನಿಮಿಷ ಸುಮ್ಮ ನಿಂದ್ರಿಸ್ತೀರಿ, ಹದಿಮೂರು ವರ್ಷದ ಹುಡುಗ ಸುಮ್ಮ ನಿಂತ್ರ ಮತ್ತೇನ್ ಮಾಡ್ತಾನ್ರಿ? ಕೆಲ್ಸಾ ಕೊಡ್ರಿ." ಮುಂದಿನ ವಾರ ವಾಚ್ ಇಟ್ಕೊಂಡು ಲೆಕ್ಕ ಹಾಕ್ದೆ. ಎರಡು ಗಂಟೆ ಪರೇಡಲ್ಲಿ ಒಬ್ಬ ಹುಡುಗ ನಿಜವಾಗ್ಲೂ ಏನಾದ್ರೂ ಮಾಡ್ತಾ ಇದ್ದದ್ದು 35 ನಿಮಿಷ, ಉಳಿದದ್ದೆಲ್ಲ ನಿಂತ್ಕೊಂಡು ಕಾಯೋದು.

ಆಮೇಲೆ ಮೂರು ಸ್ಕ್ವಾಡ್ ಮಾಡ್ದೆ. ಒಂದು ಹವಾಲ್ದಾರ್ ಹತ್ರ ಡ್ರಿಲ್, ಒಂದು ನನ್ನ ಹತ್ರ ಮ್ಯಾಪ್ ರೀಡಿಂಗು, ಒಂದು ಸೀನಿಯರ್ ಕೆಡೆಟ್ ಹತ್ರ ಗಂಟು ಕಟ್ಟೋದು, ಬ್ಯಾಂಡೇಜು, ಸ್ಟ್ರೆಚರು. 25 ನಿಮಿಷಕ್ಕೊಂದ್ಸಲ ಬದಲಾವಣೆ. ಮ್ಯಾಪ್ ರೀಡಿಂಗಲ್ಲಿ ಬೇರಿಂಗು, ಸ್ಕೇಲು ಎಲ್ಲ ಬರುತ್ತಲ್ಲ, ನನ್ ಕ್ಲಾಸಲ್ಲಿ ತ್ರಿಕೋನ ಅಂದ್ರೆ ಆಕಳಿಸೋ ಹುಡುಗ ಇಲ್ಲಿ ಕಂಪಾಸ್ ಹಿಡ್ಕೊಂಡು ನೀರಿನ ಟ್ಯಾಂಕ್ ಎಷ್ಟು ಡಿಗ್ರಿಲಿ ಇದೆ ಅಂತ ಜಗಳ ಆಡೋನು. ನಗು, ಮಾತು ಅರ್ಧ ಅಲ್ಲೇ ಕಮ್ಮಿ ಆಯ್ತು.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ, ಕಿಟ್. ಆರನೇ ಸೈಜ್ ಕಾಲಿಗೆ ಎಂಟನೇ ಸೈಜ್ ಬೂಟು ಕೊಟ್ಟು ಹಿಮ್ಮಡಿ ಹೊಡಿ ಅಂದ್ರೆ ಹುಡುಗ ಕಾಲು ಎಳ್ಕೊಂಡೇ ನಡೀತಾನೆ, ನೋಡೋರಿಗೆ ಸೋಮಾರಿ ಥರ ಕಾಣ್ತಾನೆ. ಒಂದು ಶನಿವಾರ ಡ್ರಿಲ್ಲೇ ಮಾಡಿಲ್ಲ. ಬೂಟುಗಳನ್ನ ಅವರವರಲ್ಲೇ ಅದಲು ಬದಲು ಮಾಡಿಸ್ದೆ, ಉಳಿದೋರಿಗೆ ಎರಡು ಸಾಕ್ಸ್ ಹಾಕೋಕೆ ಹೇಳ್ದೆ, ಬೆರೆ ಬಿಸಿನೀರಲ್ಲಿ ನೆನೆಸಿ ತಲೆ ಮೇಲಿಟ್ಟು ಬ್ಯಾಡ್ಜು ಎಡಗಣ್ಣಿನ ಮೇಲೆ ಬರೋ ಹಾಗೆ ಕೂರಿಸಿ ಬಲಕ್ಕೆ ಎಳೆದು ಒಣಗೋವರ್ಗೂ ಬಿಡೋದು ಹೇಗೆ ಅಂತ ತೋರಿಸ್ದೆ. ದೋಸೆ ಥರ ತಲೆ ಮೇಲೆ ಹರಡಿಕೊಂಡಿದ್ದ ಬೆರೆ ನೆಟ್ಟಗಾದ್ಮೇಲೆ ಅದು ಜೇಬಿಗೆ ಹೋಗೋದು ತಾನಾಗೇ ನಿಂತ್ಹೋಯ್ತು. ಕನ್ನಡಿ ನೋಡ್ಕೊಂಡಾಗ ಚೆನ್ನಾಗಿ ಕಂಡ್ರೆ ಯಾವ ಹುಡುಗ ತೆಗೀತಾನೆ ಹೇಳಿ.

ಲೇಟಾಗಿ ಬರೋರ ವಿಷಯ. ಒಬ್ಬ ಪ್ರತಿ ಶನಿವಾರ ಏಳೂ ಕಾಲಿಗೇ ಬರ್ತಿದ್ದ, ಬೈದ್ರೆ ತಲೆ ಬಗ್ಗಿಸ್ಕೊಂಡು ನಿಲ್ಲೋನು, ಕಾರಣ ಹೇಳ್ತಾ ಇರ್ಲಿಲ್ಲ. ಕೊನೆಗೆ ಅವ್ನ ತಾಯಿನ ಕೇಳಿದ್ರೆ, "ಸಾರ್, ಬೆಳಗ್ಗೆ ನಾಲ್ಕೂವರೆಗೆ ಎದ್ದು ಅವ್ರ ಮಾವನ್ ಜೊತೆ ಪೇಪರ್ ಹಾಕಕ್ಕೋಯ್ತಾನೆ, ರಾಜಾಜಿನಗರ ಮುಗ್ಸಿ ಬರಬೇಕಲ್ವಾ" ಅಂದ್ರು. ನಾಲ್ಕೂವರೆಗೆ ಎದ್ದೋನಿಗೆ ಆರೂವರೆಗೆ ಎದ್ದು ಬಂದ ನಾನು ಸೋಮಾರಿ ಅಂತ ಬೈತಿದ್ದೆ. ಅವನೊಬ್ಬನಿಗೆ ವಿನಾಯಿತಿ ಕೊಟ್ರೆ ಬೇರೆಯವ್ರು ಆಡ್ಕೋತಾರೆ, ಅವನಿಗೂ ಅವಮಾನ. ಅದಕ್ಕೆ ಎಲ್ಲಾರ್ಗೂ ಫಾಲ್ ಇನ್ ಏಳೂವರೆ ಮಾಡ್ಬಿಟ್ಟೆ, ಆದ್ರೆ ಏಳೂವರೆ ಅಂದ್ರೆ ಏಳೂವರೆ, ಆಮೇಲೆ ಬಂದೋರಿಗೆ ಆ ದಿನದ ಅಟೆಂಡೆನ್ಸ್ ಇಲ್ಲ, ಬೈಗುಳನೂ ಇಲ್ಲ. ಹೈಸ್ಕೂಲ್ ಕೆಡೆಟ್‌ಗಳು ಬರೆಯೋ ಎ ಸರ್ಟಿಫಿಕೇಟ್ ಪರೀಕ್ಷೆಗೆ ಕೂರೋಕೆ ಶೇಕಡಾ 75 ಹಾಜರಿ, ಒಂದು ಕ್ಯಾಂಪು ಬೇಕೇ ಬೇಕು ಅನ್ನೋದು ಅವರಿಗೆ ಗೊತ್ತು, ಅವರವರ ಹಾಜರಿ ಎಷ್ಟಾಯ್ತು ಅಂತ ತಿಂಗಳಿಗೊಂದ್ಸಲ ಬೋರ್ಡಲ್ಲಿ ಹಾಕ್ತಾ ಬಂದೆ.

ಹಿಂದಿನ ಸಾಲಲ್ಲಿ ನಗ್ತಿದ್ದೋನ ಕಥೆ ಬೇರೆ. ತರ್ಲೆ ಹುಡುಗನಿಗೆ ಜವಾಬ್ದಾರಿ ಕೊಡಿ ಸರಿ ಹೋಗ್ತಾನೆ ಅಂತ ಎಲ್ಲಾರೂ ಹೇಳ್ತಾರೆ. ನಾನೂ ಅವನನ್ನ ಲ್ಯಾನ್ಸ್ ಕಾರ್ಪೊರಲ್ (ಕೆಡೆಟ್‌ಗಳಲ್ಲಿ ಮೊದಲ್ನೇ ರ‍್ಯಾಂಕು) ಮಾಡ್ದೆ, ಫ್ರೆಂಡ್ಸ್‌ಗೆಲ್ಲ ಸುಳ್ಳು ಅಟೆಂಡೆನ್ಸ್ ಹಾಕ್ದ. ನನ್ ಪ್ರಕಾರ ಆ ಸಲಹೆ ಅರ್ಧ ಮಾತ್ರ ನಿಜ. ಹವಾಲ್ದಾರ್ ಒಂದಿನ ಅವನ ಕಾಲೇ ನೋಡ್ತಾ ನಿಂತಿದ್ದು ನಂಗೂ ತೋರಿಸಿದ್ರು. "ತೇಜ್ ಚಲ್" (ಕ್ವಿಕ್ ಮಾರ್ಚ್) ಅಂದ ತಕ್ಷಣ ಅವ್ನಿಗೆ ಎಡಗಾಲು ಎಡಗೈ ಒಟ್ಟಿಗೇ ಮುಂದಕ್ಕೆ ಬರ್ತಿತ್ತು. ಅದು ಯಾರಿಗೂ ಕಾಣಬಾರ್ದು ಅಂತ ಮುಂಚೆನೇ ನಕ್ಕು, ನಗಿಸಿ, ಸ್ಕ್ವಾಡೇ ಕೆಡಿಸಿಬಿಡ್ತಿದ್ದ. ಪರೇಡ್ ಆದ್ಮೇಲೆ ಸೈಕಲ್ ಸ್ಟ್ಯಾಂಡ್ ಹಿಂದೆ ಕರ್ಕೊಂಡು ಹೋಗಿ ದಿನಾ ಹತ್ತು ನಿಮಿಷ, ಯಾರೂ ನೋಡದ ಹಾಗೆ, ಮೊದ್ಲು ಸುಮ್ನೆ ಬಸ್ ಸ್ಟಾಪಿಗೆ ನಡೆಯೋ ಥರ ನಡಿಯಪ್ಪ ಅಂದೆ, ಆಗ ಕೈಕಾಲು ಸರಿಯಾಗೇ ಬರ್ತಿತ್ತು, ಆಮೇಲೆ ಅದೇ ನಡಿಗೆಗೆ ನಿಧಾನಕ್ಕೆ ಎಣಿಕೆ ಸೇರಿಸ್ದೆ, ಕೊನೆಗೆ ಮುಷ್ಟಿ ಕಟ್ಟಿ ಕೈ ಬೀಸೋದು. ಮೂರನೇ ವಾರಕ್ಕೆ ಬಂತು. "ಸರ್, ಬಂತು ಸರ್!" ಅಂತ ಅವ್ನು ಕೂಗಿದ್ದು ಇನ್ನೂ ಕಿವೀಲಿದೆ. ಆಮೇಲೆ ಹಿಂದಿನ ಸಾಲಲ್ಲಿ ನಗು ಕೇಳಿಲ್ಲ.

ಈಗ ಕಷ್ಟದ ವಿಷಯಕ್ಕೆ ಬರ್ತೀನಿ. ನಮ್ ಟ್ರೂಪಲ್ಲಿ ಎಲ್ಲಾರ್ಗಿಂತ ನೀಟಾಗಿದ್ದೋನು ಸಾರ್ಜೆಂಟು, ತೋಳಲ್ಲಿ ಮೂರು ಪಟ್ಟಿ ಇರೋ ಸೀನಿಯರ್ ಕೆಡೆಟ್. ಇಸ್ತ್ರಿ ಗೆರೆ ಮುರೀದ ಯೂನಿಫಾರ್ಮು, ಕಮಾಂಡ್ ಕೊಟ್ರೆ ರೋಡಿಗೆ ಕೇಳ್ಬೇಕು. ನಾನು ಬೆಟಾಲಿಯನ್ ಕೆಲ್ಸಕ್ಕೆ ಹೋದ ಶನಿವಾರಗಳಲ್ಲಿ ಪರೇಡು ಅವನ ಕೈಲೇ, ಹವಾಲ್ದಾರೂ ಅವತ್ತು ಬೆಟಾಲಿಯನ್‌ನಲ್ಲೇ ಇರೋರು. ಒಂದಿನ ರಿಜಿಸ್ಟರ್ ಕೂಡ್ತಾ ಇದ್ದಾಗ ನೋಡಿದ್ರೆ, ನಾನಿಲ್ಲದ ನಾಲ್ಕೂ ಶನಿವಾರ ಎಂಟನೇ ಕ್ಲಾಸಿನ ಅದೇ ಒಂಬತ್ತು ಹುಡುಗ್ರು ಗೈರು. ಒಂದ್ಸಲ ಆದ್ರೆ ಜ್ವರ ಅನ್ಬೋದು, ನಾಲ್ಕು ಸಲ ಅದೇ ಒಂಬತ್ತು ಹೆಸರು ಬರಲ್ಲ. ಒಬ್ಬೊಬ್ಬನ್ನೇ ಕೂರಿಸ್ಕೊಂಡು ಕೇಳಿದಾಗ ಹೊರಗೆ ಬಂತು, ಅವನ ಬೂಟು ಇವರು ಪಾಲಿಶ್ ಮಾಡ್ಬೇಕು, ಇವರ ಪಾಲಿನ ತಿಂಡಿ ಅವನಿಗೆ, ಇಲ್ಲಾಂದ್ರೆ ಫ್ರಂಟ್ ರೋಲ್. ಎಷ್ಟೋ ತಿಂಗಳಿಂದ ನಾನು ಹಿಂದಿನ ಸಾಲಲ್ಲಿ ಅಶಿಸ್ತು ಹುಡುಕ್ತಾ ಇದ್ದೆ, ಅದು ಮೂರು ಪಟ್ಟಿ ಹಾಕ್ಕೊಂಡು ನನ್ ಮುಂದೆನೇ ಸಲ್ಯೂಟ್ ಹೊಡೀತಾ ನಿಂತಿತ್ತು.

ಅವನನ್ನ ಫಾಲ್ ಇನ್ ಮುಂದೆ ನಿಲ್ಲಿಸಿ ಪಟ್ಟಿ ಕಿತ್ತು ಹಾಕ್ಬೇಕು ಅಂತ ಕೋಪ ಬಂತು. ಮಾಡಿಲ್ಲ. ಹೆಡ್‌ಮಾಸ್ಟ್ರಿಗೆ ಹೇಳಿ, ಬೆಟಾಲಿಯನ್‌ಗೆ ಬರೆದು, ಅವ್ನ ತಂದೆನ ಕರೆಸಿ ಸ್ಟಾಫ್ ರೂಮಲ್ಲಿ ಮಾತಾಡ್ದೆ. ಅವ್ನು ಅಳಲಿಲ್ಲ, ನನ್ನೇ ನೋಡ್ತಾ, "ಸರ್, ನೀವೂ ಮಾಡಿಸ್ತಿದ್ರಲ್ಲ ಸರ್" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ನಾನು ಫ್ರಂಟ್ ರೋಲ್ ಬಿಟ್ಟು ತಿಂಗಳುಗಳಾಗಿತ್ತು, ಆದ್ರೆ ಬಿಟ್ಟಿದ್ದು ಯಾಕೆ ಅಂತ ಹುಡುಗ್ರಿಗೆ ಒಂದ್ಸಲನೂ ಹೇಳಿರ್ಲಿಲ್ಲ.

"ಹೌದಪ್ಪ, ನಾನು ಮಾಡಿಸಿದ್ದು ತಪ್ಪು, ನೀನು ಮಾಡಿಸಿದ್ದೂ ತಪ್ಪು" ಅಂದೆ. ಪಟ್ಟಿ ಅವನೇ ಬಿಚ್ಚಿ ಟೇಬಲ್ ಮೇಲಿಟ್ಟ. ಅವ್ರಪ್ಪ, "ಸರ್, ಇನ್ಮೇಲೆ ಹುಡುಗ್ರಿಗೆ ಹೆಂಗ್ ಮುಖ ತೋರಿಸ್ತಾನೆ, ಬಿಡಿಸ್ಬಿಡ್ತೀನಿ" ಅಂದ್ರು. ಬಿಡಿಸೋಕೆ ಅವರಿಗೆ ಹಕ್ಕಿದೆ. ಎನ್‌ಸಿಸಿ ಯಾರಿಗೂ ಕಡ್ಡಾಯ ಅಲ್ಲ, 1962ರ ಯುದ್ಧ ಆದ್ಮೇಲೆ 1963ರಲ್ಲಿ ಕಾಲೇಜುಗಳಲ್ಲಿ ಕಡ್ಡಾಯ ಮಾಡಿದ್ರು, 1968ರಲ್ಲಿ ಮತ್ತೆ ಅವರವರ ಇಷ್ಟಕ್ಕೆ ಬಿಟ್ರು. ಆದ್ರೂ ನಾನು ಕೇಳ್ಕೊಂಡೆ, ಸಾಮಾನ್ಯ ಕೆಡೆಟ್ ಆಗಿ ಇರ್ಲಿ ಸರ್, ಕ್ಯಾಂಪಿಗೂ ಬರ್ಲಿ, ಇಲ್ಲಿಂದ ಹೀಗೇ ಹೋದ್ರೆ ಪಟ್ಟಿ ಹೋಯ್ತು ಅನ್ನೋದೊಂದೇ ಅವನಿಗೆ ನೆನಪಿರುತ್ತೆ ಅಂತ. ಅವ್ರು ಒಂದು ವಾರ ಟೈಮ್ ತಗೊಂಡ್ರು.

ಮುಂದಿನ ಶನಿವಾರ ಫಾಲ್ ಇನ್‌ನಲ್ಲಿ ಅವನ ಹೆಸರು ಎತ್ತಿಲ್ಲ. ಫ್ರಂಟ್ ರೋಲ್ ಈ ಗ್ರೌಂಡಲ್ಲಿ ಶುರು ಮಾಡಿದ್ದು ನಾನು, ಅದು ತಪ್ಪು, ಇನ್ಮೇಲೆ ನಾನಾಗ್ಲಿ ಸೀನಿಯರ್ ಆಗ್ಲಿ ಯಾರೂ ಯಾರಿಗೂ ಮಾಡಿಸೋ ಹಾಗಿಲ್ಲ, ಮಾಡಿಸಿದ್ರೆ ಹೆಡ್‌ಮಾಸ್ಟ್ರಿಗೆ ನೇರ ಹೇಳಿ ಅಂದೆ. ಆ ಒಂಬತ್ತು ಹುಡುಗ್ರ ಹತ್ರ ಬೇರೆಯಾಗಿ ಕೂತು ಕ್ಷಮೆ ಕೇಳ್ದೆ. ಒಬ್ಬ ಸೀನಿಯರ್ ಕೈಗೇ ಪರೇಡ್ ಬಿಡೋದನ್ನೂ ನಿಲ್ಲಿಸ್ದೆ, ನಾನಿಲ್ಲದ ದಿನ ಪಿಟಿ ಮೇಷ್ಟ್ರು ಗ್ರೌಂಡಲ್ಲಿ ಇರ್ತಾರೆ.

ಆ ಹುಡುಗ ಕ್ಯಾಂಪಿಗೆ ಬಂದ, ಹತ್ತು ದಿನ. ಮೊದಲೆರಡು ದಿನ ಯಾರ ಜೊತೆನೂ ಮಾತಿಲ್ಲ. ಐದನೇ ದಿನ ರಾತ್ರಿ ಟೆಂಟ್ ಕಡೆ ರೌಂಡ್ ಹೋದಾಗ ಟಾರ್ಚ್ ಬೆಳಕಲ್ಲಿ ಕೂತು ಬೂಟ್ ಪಾಲಿಶ್ ಮಾಡ್ಕೋತಿದ್ದ, ಪಕ್ಕದಲ್ಲಿ ಆ ಒಂಬತ್ತರಲ್ಲಿ ಒಬ್ಬ ಕೂತಿದ್ದ, ಬಟ್ಟೆ ಬೆರಳಿಗೆ ಹೇಗೆ ಸುತ್ಕೋಬೇಕು ಅಂತ ಆ ಚಿಕ್ಕ ಹುಡುಗನಿಗೆ ಇವ್ನು ತೋರಿಸ್ತಿದ್ದ. ನಾನು ಹತ್ರ ಹೋಗದೆ ಹಾಗೇ ಬಂದ್ಬಿಟ್ಟೆ.

ಹೋದ ತಿಂಗಳು ಬಟ್ಟೆ ತರೋಕೆ ಬೆಟಾಲಿಯನ್‌ಗೆ ಹೋಗ್ಬೇಕಾಯ್ತು, ಶನಿವಾರ ನಾನಿರ್ಲಿಲ್ಲ. ಸೋಮವಾರ ರಿಜಿಸ್ಟರ್ ತೆಗೆದು ನೋಡಿದ್ರೆ 48ಕ್ಕೆ 46. ಉಳಿದಿಬ್ಬರ ರಜಾ ಚೀಟಿ ಅದೇ ಪುಟಕ್ಕೆ ಪಿನ್ ಮಾಡಿಟ್ಟಿದ್ರು.